ಹಡ್ಲುಗಳ ಗುಣಪರೀಕ್ಷೆಯೂ ದರ್ಜೆ ನಿರ್ಣಯವೂ
(ಕಾಫಿ ಸೀಮೆಯ ಗ್ರಾಮಮುಖ್ಯಸ್ಥರ ಮತ್ತು ಜಮೀನುದಾರರ ಉಪಯೋಗಕ್ಕಾಗಿ)

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಸೀಮೆಗಳ ಕಾಫಿ ತೋಟಗಳ ನಡುವೆ, ಎರಡು ಗುಡ್ಡಗಳ ಬುಡ ಕೂಡುವ ತಗ್ಗುಗಳಲ್ಲಿ, ಕಾಲಿಟ್ಟರೆ ಹೂತುಹೋಗುವಂಥ ಹುಲ್ಲುನೆಲಗಳಿರುವುದು ಸರ್ವರಿಗೂ ತಿಳಿದ ಸಂಗತಿಯಾಗಿದೆ. ಇವುಗಳನ್ನು ಜನರು ಹಡ್ಲು ಎಂದು ಕರೆಯುವರು. ಇವುಗಳಲ್ಲಿ ಕೆಲವನ್ನು ಹಿಂದಿನವರು ಮಟ್ಟಮಾಡಿ ಬತ್ತದ ಗದ್ದೆಗಳನ್ನಾಗಿ ಮಾಡಿದರು. ಉಳಿದವು ದನಗಳ ಮೇವಿಗೂ ಬೇಸಗೆಯ ನೀರಿಗೂ ಒದಗುತ್ತ ಬಂದವು. ಪಹಣಿಯಲ್ಲಿ ಅನೇಕ ಹಡ್ಲುಗಳು ಖರಾಬು ಎಂಬ ಹೆಸರಿನಿಂದ ಬರೆಯಲ್ಪಟ್ಟಿರುವುವು. ಹೆಸರು ಹಾಗಿದ್ದ ಮಾತ್ರಕ್ಕೆ ಅವು ಕೆಲಸಕ್ಕೆ ಬಾರದ ನೆಲಗಳೆಂದು ಭಾವಿಸುವುದು ಸರಿಯಲ್ಲ.

ಕೂಲಿಯಾಳುಗಳ ಅಭಾವದಿಂದಲೂ ಬತ್ತದಿಂದ ಬರುವ ಆದಾಯವು ಖರ್ಚಿಗೆ ಸಾಲದೆ ಇರುವುದರಿಂದಲೂ ಗದ್ದೆಗಳು ಪಾಳು ಬೀಳುತ್ತಿವೆ. ಅಂಥ ಗದ್ದೆಗಳಲ್ಲಿಯೂ ಹಡ್ಲುಗಳಲ್ಲಿಯೂ ಆಳವಾದ ಬಸಿಗಾಲುವೆ ತೆಗೆದು ಅಡಕೆ, ಶುಂಠಿ, ಕಾಫಿ ಮುಂತಾದುವನ್ನು ಹಾಕುವುದು ಹೆಚ್ಚಾಗಿದೆ. ಇದರಿಂದ ಮೊದಲ ಕೆಲವು ವರ್ಷ ಲಾಭ ಕಾಣುವುದುಂಟು. ಆದರೆ ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ರೋಬಸ್ಟಾ ಗಿಡಗಳಿಗೆ ಹೂವಿನ ನೀರು ಕೊಡಬೇಕಾದಾಗ ಹಳ್ಳದಲ್ಲಿ ನೀರಿರುವುದಿಲ್ಲ. ತಗ್ಗಿನ ಮನೆಗಳ ಬಾವಿಗಳೂ ಬತ್ತುವುವು. ಆಗ ಹಡ್ಲಿನ ಬೆಲೆ ತಿಳಿದರೆ ಪ್ರಯೋಜನವೇನು? ಆದಕಾರಣ ಗುದ್ದಲಿ ಹಾಕುವುದಕ್ಕೆ ಮುಂಚೆಯೇ ಪ್ರತಿಯೊಂದು ಹಡ್ಲು ಯಾವ ಸ್ಥಿತಿಯಲ್ಲಿದೆ, ಅದು ಯಾವ ದರ್ಜೆಗೆ ಸೇರತಕ್ಕದ್ದು ಎಂಬುದನ್ನು ಪರೀಕ್ಷಿಸಿ ಬರೆದಿಡುವುದು ಅವಶ್ಯಕ. ಈ ಪರೀಕ್ಷೆಗೆ ಗುದ್ದಲಿ, ಅಳತೆಯ ಹಗ್ಗ, ಒಂದು ಬಕೆಟ್ಟು, ಒಂದು ಗಡಿಯಾರ, ಒಂದು ಪುಸ್ತಕ ಇಷ್ಟಿದ್ದರೆ ಸಾಕು.

ಹಡ್ಲು ಮಾಡುವ ಕೆಲಸ

ಈ ಸೀಮೆಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳೊಳಗೆ ಬಿದ್ದುಹೋಗುವುದು. ಗುಡ್ಡದ ಮಣ್ಣಿನಲ್ಲಿ ಇಂಗಿದ ನೀರು ಒಳಗೊಳಗೇ ಇಳಿದು ಬುಡದಲ್ಲಿ ಒರತೆಯಾಗಿ ಹೊರಡುವುದು. ಹಡ್ಲಿನ ಎರೆಯಂಥ ಕಪ್ಪು ಮಣ್ಣೂ ಹುಲ್ಲಿನ ಬೇರಿನ ಬಲೆಯೂ ಈ ನೀರನ್ನು ಹಿಡಿದು, ಕಣಜದಿಂದ ಅಳೆದು ಕೊಟ್ಟಂತೆ, ಮೆಲ್ಲಮೆಲ್ಲನೆ ಹಳ್ಳಕ್ಕೆ ಬಿಡುವುವು. ಮಳೆಗಾಲದಲ್ಲಿ ಮೇಲಿನಿಂದ ಬಂದ ಮಣ್ಣು ಹುಲ್ಲಿನಲ್ಲಿ ಸೋಸಿ ನಿಲ್ಲುವುದರಿಂದ ಕೆಳಗಿನ ಕೆರೆಗಳು ಹೂಳುವುದೂ ಕಡಿಮೆಯಾಗುವುದು.

ಇದು ಒಂದು ಊರಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಭದ್ರಾ ನದಿಯು ಗಂಗಾಮೂಲದಲ್ಲಿ ಹುಟ್ಟಿ, ಕಳಸ ಬಾಳೆಹೊನ್ನೂರುಗಳ ಮಾರ್ಗವಾಗಿ ಲಕ್ಕವಳ್ಳಿಯ ಅಣೆಕಟ್ಟಿಗೆ ಸೇರುವುದು. ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಗೊರೂರಿನ ಜಲಾಶಯವನ್ನು ತುಂಬುವುದು. ಯಗಚಿಯು ಬಾಬಾಬುಡನ್ ಗಿರಿಶ್ರೇಣಿಯಿಂದ ಇಳಿದು ಬೇಲೂರಿನ ಕಡೆ ಹರಿದು ಹೇಮಾವತಿಯನ್ನು ಕೂಡುವುದು. ಈ ನದಿಗಳಿಗೆ ಬೇಸಗೆಯಲ್ಲಿ ಬರುವ ನೀರು ಶೋಲಾ ಕಾಡುಗಳಿಂದಲೂ, ಹುಲ್ಲುಗಾವಲುಗಳಿಂದಲೂ, ಸಾವಿರಾರು ಸಣ್ಣ ಹಡ್ಲುಗಳಿಂದಲೂ ಬರತಕ್ಕದ್ದು. ಮೇಲಿನವರು ಬಸಿದ ಹಡ್ಲಿನ ನಷ್ಟವನ್ನು ಬಯಲುಸೀಮೆಯ ರೈತನೂ ಅನುಭವಿಸುವನು.

ಎಲ್ಲೆಯನ್ನು ಗೊತ್ತುಮಾಡುವುದು

ಮೊದಲು ಹಡ್ಲು ಎಲ್ಲಿಂದ ಎಲ್ಲಿಯವರೆಗೆ ಇದೆಯೆಂಬುದನ್ನು ನಿಶ್ಚಯಿಸಬೇಕು. ಮಳೆಗಾಲದಲ್ಲಿ ಎಲ್ಲ ನೆಲವೂ ಒದ್ದೆಯಾಗಿಯೇ ಇರುವುದರಿಂದ ಕಣ್ಣಿಗೆ ಕಾಣುವ ನೀರನ್ನು ನಂಬತಕ್ಕದ್ದಲ್ಲ, ಮಣ್ಣನ್ನು ನಂಬಬೇಕು. ಗುಡ್ಡದ ಕಡೆಯಿಂದ ತಗ್ಗಿನ ಕಡೆಗೆ ಹಗ್ಗ ಹಿಡಿದು, ಹತ್ತು ಹತ್ತು ಮಾರಿಗೆ ಒಂದರಂತೆ, ಸುಮಾರು 50 ಸೆಂಟಿಮೀಟರು, ಎಂದರೆ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಆಳದ ಗುಂಡಿ ತೆಗೆಯಿಸಬೇಕು. ಗುಡ್ಡದ ಮಣ್ಣು ಒಂದೇ ಸಮನಾಗಿ ಕೆಂಪಾಗಿಯೋ ಕಂದಾಗಿಯೋ ಇರುವುದು. ನೀರು ಬಹುಕಾಲ ನಿಲ್ಲುವ ನೆಲದಲ್ಲಿ ಗಾಳಿಯಾಡದ ಕಾರಣ ಮಣ್ಣಿನ ಕಬ್ಬಿಣದ ಅಂಶವು ಬಣ್ಣ ಕಳೆದುಕೊಂಡು ಮಣ್ಣು ಬೂದುಬಣ್ಣಕ್ಕೆ ತಿರುಗುವುದು. ಬೇರುಗಳ ಪಕ್ಕದಲ್ಲಿ ಮಾತ್ರ ತುಕ್ಕಿನಂಥ ಚುಕ್ಕೆಗಳು ಕಾಣುವುವು. ಸದಾ ನೀರು ನಿಲ್ಲುವ ಕಡೆ ಮಣ್ಣು ನೀಲಿ ಛಾಯೆಯ ಬೂದಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಬೂದುಬಣ್ಣವೂ ತುಕ್ಕಿನ ಚುಕ್ಕೆಯೂ ಮೊದಲು ಕಾಣುವ ಗುಂಡಿಯೇ ಹಡ್ಲಿನ ಎಲ್ಲೆ. ಅಲ್ಲಿ ಗೂಟ ಹೊಡೆಯಬೇಕು. ಬಸಿದು ಹತ್ತಾರು ವರ್ಷವಾದರೂ ಮಣ್ಣಿನ ಈ ಗುರುತು ಅಳಿಸದ ಕಾರಣ, ಹಿಂದೆ ಹಡ್ಲು ಎಷ್ಟು ಅಗಲವಿತ್ತೆಂಬುದೂ ಇದರಿಂದ ತಿಳಿಯುವುದು.

ಸಸ್ಯಗಳೂ ಸಾಕ್ಷಿ ಹೇಳುವುವು. ಜೇಕು, ಆಪು, ಕೆಸವು, ಒಂದೆಲಗ, ಹೊನಗೊನೆ, ಮುಂಡುಗ ಇವು ತೇವದ ನೆಲದ ಗಿಡಗಳು. ಲಂಟಾನವೂ ಯುಪಟೋರಿಯಮ್ ಕಳೆಯೂ ಹಡ್ಲಿನೊಳಕ್ಕೆ ಬಂದಿದ್ದರೆ ನೆಲವು ಒಣಗುತ್ತಿದೆಯೆಂದು ತಿಳಿಯತಕ್ಕದ್ದು.

ಆ ಮೇಲೆ ಅದು ಯಾವ ಜಾತಿಯ ಜೌಗೆಂದು ಬರೆಯಬೇಕು. (1) ಗುಡ್ಡದ ಓರೆಯಲ್ಲಿ ಒರತೆಯಿಂದ ಒದ್ದೆಯಾದ ನೆಲ. (2) ತಗ್ಗಿನ ತುಂಬ ನೀರು ಹರಡಿ, ನಡುವೆ ಹಳ್ಳವಿಲ್ಲದ ಹಡ್ಲು. (3) ನಡುವೆ ಹಳ್ಳ ಕೊರೆದಿರುವ ಬೈಲು. (4) ಹೊಳೆಯ ಪ್ರವಾಹ ಹತ್ತಿ ಇಳಿಯುವ ದಂಡೆ. (5) ಕೆರೆಯ ಹಿಂಭಾಗದ ಜೌಗು. ಇವುಗಳಲ್ಲಿ ಎರಡನೆಯ ಜಾತಿಯು ಬಹಳ ನಾಜೂಕಾದದ್ದು. ಅದರ ನಡುವೆ ಒಂದು ಬಸಿಗಾಲುವೆ ತೆಗೆದರೆ ಅದು ಮೂರನೆಯ ಜಾತಿಗೆ ಇಳಿಯುವುದು; ಹಿಂದಿನ ಸ್ಥಿತಿಗೆ ತರುವುದು ಬಹು ಕಷ್ಟ.

ದರ್ಜೆಗಳು

ಜೌಗುನೆಲಗಳಿಗೆ ದರ್ಜೆ ಕೊಡುವ ಕ್ರಮವು ದಕ್ಷಿಣ ಆಫ್ರಿಕಾ ದೇಶದಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿ 1998ರ ಜಲ ಕಾಯಿದೆಯ ತರುವಾಯ ನದಿ ಜೌಗುಗಳ ಈಗಿನ ಸ್ಥಿತಿಯನ್ನು ಆರು ದರ್ಜೆಗಳಾಗಿ ವಿಂಗಡಿಸಿ ಬರೆಯುವುದು ರೂಢಿಗೆ ಬಂದಿತು. ಆಮೇಲೆ ವೆಟ್-ಹೆಲ್ತ್ ಎಂಬ ಹೆಸರಿನ ಅಳತೆಯ ಕ್ರಮವೂ ಏರ್ಪಟ್ಟಿತು. ಈ ಕ್ರಮದ ಮೂಲತತ್ತ್ವವು ಬಹು ಸುಲಭ. ಮನುಷ್ಯನ ಕೈ ಸೋಕದಿದ್ದರೆ ಆ ಜೌಗು ಹೇಗಿರುತ್ತಿತ್ತೋ ಅದಕ್ಕೆ ಸೊನ್ನೆ. ಪೂರ್ತಿ ಕೆಟ್ಟಿದ್ದರೆ ಹತ್ತು. ಅಂಕ ಹೆಚ್ಚಿದಷ್ಟೂ ಹಾನಿ ಹೆಚ್ಚು.

ಎ ದರ್ಜೆ: 0 ಯಿಂದ 0.9. ಸ್ವಾಭಾವಿಕ ಸ್ಥಿತಿ.
ಬಿ ದರ್ಜೆ: 1 ರಿಂದ 1.9. ಬಹುಮಟ್ಟಿಗೆ ಸ್ವಾಭಾವಿಕ, ಬದಲಾವಣೆ ಅಲ್ಪ.
ಸಿ ದರ್ಜೆ: 2 ರಿಂದ 3.9. ಮಧ್ಯಮವಾಗಿ ಬದಲಾದದ್ದು, ಮುಖ್ಯ ಕೆಲಸಗಳು ಇನ್ನೂ ನಡೆಯುತ್ತಿವೆ.
ಡಿ ದರ್ಜೆ: 4 ರಿಂದ 5.9. ಹೆಚ್ಚಾಗಿ ಬದಲಾದದ್ದು.
ಇ ದರ್ಜೆ: 6 ರಿಂದ 7.9. ತೀವ್ರವಾಗಿ ಕೆಟ್ಟದ್ದು, ಗುರುತುಗಳು ಮಾತ್ರ ಉಳಿದಿವೆ.
ಎಫ್ ದರ್ಜೆ: 8 ರಿಂದ 10. ಹಡ್ಲೆಂಬುದು ಹೆಸರಿಗೆ ಮಾತ್ರ.

ಪರೀಕ್ಷೆಯನ್ನು ವರ್ಷಕ್ಕೆ ಎರಡಾವರ್ತಿ ಮಾಡಬೇಕು: ಮಳೆ ನಿಂತ ನವೆಂಬರ್ ತಿಂಗಳಲ್ಲಿ ಒಮ್ಮೆ, ಮುಂಗಾರಿಗೆ ಮುಂಚೆ ಏಪ್ರಿಲ್ ತಿಂಗಳಲ್ಲಿ ಒಮ್ಮೆ. ಒಂದೇ ಋತುವಿನಲ್ಲಿ ನೋಡಿದವನು ಅರ್ಧ ನೋಡಿದಂತೆಯೇ ಸರಿ.

ಮೂರು ಅಂಗಗಳ ಪರೀಕ್ಷೆ

ಒಂದನೆಯದು, ನೀರು. ಹಡ್ಲಿಗೆ ಬರುವ ನೀರು ಕಡಿಮೆಯಾಗಿದೆಯೇ, ಬಂದ ನೀರು ಹರಡಿ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ಮೇಲ್ಗಡೆ ಪಂಪುಗಳೆಷ್ಟು, ಕೊಳವೆಬಾವಿಗಳೆಷ್ಟು, ಬಸಿಗಾಲುವೆಗಳ ಉದ್ದ ಆಳಗಳೆಷ್ಟು ಎಂಬುದನ್ನು ಬರೆಯಬೇಕು. ಕಾಲುವೆಯ ಎರಡು ಪಕ್ಕದಲ್ಲಿಯೂ ನೆಲದೊಳಗಿನ ನೀರಿನ ಮಟ್ಟ ಇಳಿದಿರುವುದು. ಜಿಗುಟು ಮಣ್ಣಿನಲ್ಲಿ ಸ್ವಲ್ಪ ದೂರ, ಮರಳು ಮಣ್ಣಿನಲ್ಲಿ ಹೆಚ್ಚು ದೂರ. ಹಡ್ಲಿನ ಬಾಯಿಯಲ್ಲಿ ಹೊರಡುವ ನೀರನ್ನು ಒಂದು ದೋಣಿಯಿಂದ ಬಕೆಟ್ಟಿಗೆ ಬೀಳಿಸಿ, ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಪ್ರತಿ ಬೇಸಗೆಯಲ್ಲಿಯೂ ಅದೇ ತಾರೀಕಿನಲ್ಲಿ ಬರೆದಿಟ್ಟರೆ, ಐದಾರು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಮತ್ತೊಂದಿರದು.

ಎರಡನೆಯದು, ನೆಲದ ರೂಪ. ಹಡ್ಲಿನ ಕೆಳತುದಿಯಲ್ಲಿ ಕೊರಕಲು ಬಿದ್ದಿದೆಯೇ ನೋಡಬೇಕು. ಈ ಕೊರಕಲು ನೀರಿನ ದಿಕ್ಕಿಗೆ ಎದುರಾಗಿ, ಪ್ರತಿ ಮಳೆಗಾಲದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಿನ್ನುತ್ತ ಹೋಗುವುದು. ಅಲಕ್ಷ್ಯ ಮಾಡಿದರೆ ಹಡ್ಲನ್ನೇ ಸೀಳಿಬಿಡುವುದು. ಮೇಲಿನ ರಸ್ತೆ, ಹೊಸ ತೋಟ, ಧರೆ ಕುಸಿತಗಳಿಂದ ಬಂದ ಮಣ್ಣು ಎಷ್ಟು ದಪ್ಪ ಬಿದ್ದಿದೆಯೆಂಬುದನ್ನೂ ನೋಡಬೇಕು. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮುಂತಾದ ಕಡೆಗಳಲ್ಲಿ ಗುಡ್ಡ ಕುಸಿದು ಮನೆ ಜಮೀನುಗಳಿಗೆ ಒದಗಿದ ವಿಪತ್ತನ್ನು ಈ ಸೀಮೆಯವರು ಮರೆತಿಲ್ಲ. ಅಂಥ ಮಣ್ಣು ತಗ್ಗಿನ ನೆಲದಲ್ಲಿ ಬಿದ್ದರೆ ಒರತೆಯ ಕಣ್ಣುಗಳು ಮುಚ್ಚಿಹೋಗುವುವು.

ಮೂರನೆಯದು, ಸಸ್ಯ. ಹಡ್ಲನ್ನು ತುಂಡುಗಳಾಗಿ ಭಾಗಿಸಿ, ಯಾವ ಭಾಗದಲ್ಲಿ ಸಹಜವಾದ ಹುಲ್ಲು ಜೇಕುಗಳಿವೆ, ಎಲ್ಲಿ ಬೆಳೆಯಿದೆ, ಎಲ್ಲಿ ಕಳೆ ಹಬ್ಬಿದೆ ಎಂದು ಬರೆಯಬೇಕು. ಬತ್ತದ ಗದ್ದೆಯಲ್ಲಿ ಸಸ್ಯವು ಬದಲಾಗಿದ್ದರೂ ನೀರು ನಿಲ್ಲುವ ಗುಣವು ಬಹುಮಟ್ಟಿಗೆ ಉಳಿದಿರುವುದು. ಆದ್ದರಿಂದ ಗದ್ದೆಯನ್ನೂ ಬಸಿದ ಶುಂಠಿ ಜಮೀನನ್ನೂ ಸಮನಾಗಿ ಎಣಿಸಬಾರದು. ಬಸಿಯದೆ ಪಾಳು ಬಿಟ್ಟ ಗದ್ದೆಯಲ್ಲಿ ಜೇಕು ಮರಳಿ ಬರುವುದುಂಟು. ಅದು ಒಳ್ಳೆಯ ಚಿಹ್ನೆ.

ಪ್ರತಿಯೊಂದು ಹಾನಿಗೂ ಎರಡು ಸಂಖ್ಯೆಗಳನ್ನು ಹಾಕಬೇಕು: ಹಡ್ಲಿನ ನೂರು ಭಾಗಗಳಲ್ಲಿ ಎಷ್ಟು ಭಾಗಕ್ಕೆ ಅದು ತಗಲಿದೆ, ತಗಲಿದ ಕಡೆ ಅದರ ತೀವ್ರತೆ ಹತ್ತರಲ್ಲಿ ಎಷ್ಟು. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಆ ಹಾನಿಯ ಅಂಕ ಬರುವುದು. ಮೂರು ಅಂಗಗಳ ಅಂಕಗಳನ್ನು ಕೂಡಿಸುವಾಗ ನೀರಿನ ಅಂಕಕ್ಕೆ ಮೂರು ಪಾಲು, ಉಳಿದ ಎರಡಕ್ಕೂ ಎರಡೆರಡು ಪಾಲು ಕೊಟ್ಟು ಏಳರಿಂದ ಭಾಗಿಸಬೇಕು. ನೀರು ಕೆಟ್ಟರೆ ಮಿಕ್ಕವು ತಾವಾಗಿಯೇ ಕೆಡುವುದರಿಂದ ಅದಕ್ಕೆ ಹೆಚ್ಚು ತೂಕ. ಮೂಲಕ್ರಮದ ಕೋಷ್ಟಕಗಳು ಇದಕ್ಕಿಂತ ವಿಸ್ತಾರವಾದುವು. ಗ್ರಾಮದ ಉಪಯೋಗಕ್ಕೆ ಈ ಸರಳ ರೂಪವು ಸಾಕಾಗುವುದು.

ಒಂದು ಲೆಕ್ಕ

ತಿಳಿವಳಿಕೆಗಾಗಿ 6 ಎಕರೆಯ ಒಂದು ಹಡ್ಲನ್ನು ಕಲ್ಪಿಸಿಕೊಳ್ಳಬಹುದು. ನಡುವಿನ ಬಸಿಗಾಲುವೆಯಿಂದ ಅರ್ಧ ಹಡ್ಲಿಗೆ ಹಾನಿ, ತೀವ್ರತೆ 6: ಅಂಕ 3. ಮೇಲಿನ ಪಂಪುಗಳಿಂದ ಇನ್ನೊಂದು. ನೀರಿನ ಒಟ್ಟು ಅಂಕ 4. ಕೊರಕಲು 20 ಭಾಗಕ್ಕೆ, ತೀವ್ರತೆ 5: ಅಂಕ 1, ಬಿದ್ದ ಮಣ್ಣು 10 ಭಾಗಕ್ಕೆ, ತೀವ್ರತೆ 5: ಅಂಕ 0.5. ನೆಲದ ಅಂಕ 1.5. ಅಡಕೆ ಹಾಕಿದ 30 ಭಾಗಕ್ಕೆ ತೀವ್ರತೆ 8: ಅಂಕ 2.4, ಕಳೆ ಹಬ್ಬಿದ 20 ಭಾಗಕ್ಕೆ ತೀವ್ರತೆ 5: ಅಂಕ 1, ಉಳಿದ 50 ಭಾಗಕ್ಕೆ ತೀವ್ರತೆ 1: ಅಂಕ 0.5. ಸಸ್ಯದ ಅಂಕ 3.9.

ಈಗ 4 ನ್ನು ಮೂರರಿಂದ ಗುಣಿಸಿದರೆ 12, 1.5 ನ್ನು ಎರಡರಿಂದ ಗುಣಿಸಿದರೆ 3, 3.9 ನ್ನು ಎರಡರಿಂದ ಗುಣಿಸಿದರೆ 7.8. ಒಟ್ಟು 22.8, ಏಳರಿಂದ ಭಾಗಿಸಿದರೆ ಸುಮಾರು 3.3. ಇದು ಸಿ ದರ್ಜೆಯ ಹಡ್ಲು.

ಜಮೀನುದಾರನು ಬಸಿಗಾಲುವೆಗೆ ತಡೆಗಳನ್ನು ಹಾಕಿಸಿ ಅದರ ತೀವ್ರತೆಯನ್ನು 6 ರಿಂದ 2 ಕ್ಕೆ ಇಳಿಸಿದನೆಂದರೆ ನೀರಿನ ಅಂಕ 2 ಆಗಿ, ಒಟ್ಟು ಅಂಕವು 2.4 ಕ್ಕೆ ಬರುವುದು. ಬಿ ದರ್ಜೆಯು ದೂರವಿಲ್ಲ. ಹಾಗಲ್ಲದೆ ಇಡೀ ಹಡ್ಲನ್ನು ಆಳವಾಗಿ ಬಸಿದು ಅಡಕೆ ಹಾಕಿದನೆಂದರೆ ನೀರಿನ ಅಂಕ 9, ನೆಲದ ಅಂಕ 2.9, ಸಸ್ಯದ ಅಂಕ 7 ಆಗಿ, ಒಟ್ಟು ಸುಮಾರು 6.7, ಎಂದರೆ ಇ ದರ್ಜೆಗೆ ಬೀಳುವುದು. ಕೆಳಕ್ಕೆ ಬೀಳಲು ಯಂತ್ರದ ನಾಲ್ಕು ದಿನದ ಕೆಲಸ ಸಾಕು. ಮೇಲಕ್ಕೆ ಏರಲು ಎಷ್ಟೋ ವರ್ಷ ಬೇಕು. ಆದ್ದರಿಂದ ದರ್ಜೆಯ ಪಕ್ಕದಲ್ಲಿ ಹಡ್ಲು ಸುಧಾರಿಸುತ್ತಿದೆಯೋ, ಇದ್ದಂತೆಯೇ ಇದೆಯೋ, ಕೆಡುತ್ತಿದೆಯೋ ಎಂಬ ಷರಾವನ್ನೂ ತಪ್ಪದೆ ಬರೆಯತಕ್ಕದ್ದು.

ನೀರಿನ ಶುದ್ಧಿ, ಕಪ್ಪೆಯ ಸಾಕ್ಷ್ಯ

ವೆಟ್-ಹೆಲ್ತ್ ಕ್ರಮದ ನಂತರದ ಆವೃತ್ತಿಯಲ್ಲಿ ನೀರಿನ ಗುಣವೂ ಒಂದು ಅಂಗವಾಗಿ ಸೇರಿದೆ. ಕಾಫಿ ಸೀಮೆಯಲ್ಲಿ ಇದಕ್ಕೆ ವಿಶೇಷ ಕಾರಣವುಂಟು. ಕೊಯ್ಲಿನ ಕಾಲದಲ್ಲಿ ಪಲ್ಪರ್ ಯಂತ್ರದಿಂದ ಹೊರಡುವ ತೊಳೆನೀರಿನಲ್ಲಿ ಹಣ್ಣಿನ ಸಕ್ಕರೆಯೂ ಲೋಳೆಯೂ ತುಂಬಿರುವುವು. ಅದು ಹುಳಿತು ಆಮ್ಲವಾಗಿ, ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ತೀರಿಸಿ, ಮೀನು ಮೊದಲಾದ ಜೀವಿಗಳನ್ನು ಕೊಲ್ಲುವುದು. ಹಳ್ಳದ ಹರಿವು ಕ್ಷೀಣಿಸುತ್ತ ಬರುವ ಡಿಸೆಂಬರ್ ಜನವರಿ ತಿಂಗಳುಗಳಲ್ಲಿಯೇ ಇದು ಬರುವುದರಿಂದ ಹಾನಿ ಇಮ್ಮಡಿ. ತೊಳೆನೀರನ್ನು ಹಡ್ಲಿಗೆ ಬಿಡದೆ, ತಳ ಸೋರದ ತೊಟ್ಟಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಮುರಿದು, ತಿಳಿಯಾದ ಮೇಲೆ ಮುಂದಿನ ಶುದ್ಧೀಕರಣಕ್ಕೆ ಒಳಪಡಿಸಬೇಕು. ಹಡ್ಲು ಸೋಸುವುದೆಂಬ ನೆಪದಿಂದ ಕೊಳೆಯನ್ನೆಲ್ಲ ಅದಕ್ಕೆ ಬಿಡುವುದು ಅದನ್ನು ಕೊಂದಂತೆಯೇ.

ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗಳು ನೀರು ಕೆಟ್ಟರೆ ಬೇಗ ಕಡಿಮೆಯಾಗುವುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು 1937ರಲ್ಲಿ ವರ್ಣಿಸಿದ ಒಂದು ಪುಟ್ಟ ಕಪ್ಪೆಗೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರೇ ಇದೆ. ನೆರಳಿನ ತಿಳಿ ಹಳ್ಳಗಳ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸುವ ಜಾತಿಯಾದ್ದರಿಂದ ಇದನ್ನು ಕುಣಿಯುವ ಕಪ್ಪೆಯೆನ್ನುವರು. ಅವರೇ 1920ರಲ್ಲಿ ಕೊಡಗಿನಿಂದ ವರ್ಣಿಸಿದ ಇನ್ನೊಂದು ಕಪ್ಪೆಗೆ ಲ್ಯಾಟಿನ್ ಭಾಷೆಯಲ್ಲಿ ಪವಿತ್ರವಾದ ಜೌಗಿನದು ಎಂಬರ್ಥದ ಹೆಸರನ್ನಿಟ್ಟರು. ಮುಂಗಾರಿನ ರಾತ್ರಿಗಳಲ್ಲಿ ಹಡ್ಲಿನ ಬಳಿ ಎಷ್ಟು ಬಗೆಯ ಕಪ್ಪೆಗಳ ಕೂಗು ಕೇಳಿಸುವುದೆಂದು ವರ್ಷವರ್ಷವೂ ಬರೆದಿಡುವುದು ಉಪಯುಕ್ತ. ಕೂಗಿನ ಬಗೆಗಳು ಕಡಿಮೆಯಾದರೆ ಕಾರಣವನ್ನು ಹುಡುಕಬೇಕು.

ಕಾಯಿದೆಯ ವಿಷಯ

ಜೌಗುಗಳ ರಕ್ಷಣೆಗಾಗಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. ಭಾರತವು 1982ರಲ್ಲಿ ಅದಕ್ಕೆ ಸೇರಿತು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ಇವು ಕರ್ನಾಟಕದಿಂದ ಆ ಪಟ್ಟಿಯನ್ನು ಸೇರಿದವು. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ನಿಯಮಗಳ ಪ್ರಕಾರ, ರಾಮ್ಸಾರ್ ಪಟ್ಟಿಯ ಮತ್ತು ಸರ್ಕಾರವು ಪ್ರಕಟಿಸಿದ ಜೌಗುಗಳಲ್ಲಿ ಒತ್ತುವರಿ, ಬೇರೆ ಉಪಯೋಗಕ್ಕೆ ಪರಿವರ್ತನೆ, ಶುದ್ಧಿ ಮಾಡದ ಕೊಳೆನೀರು ಬಿಡುವುದು ಮುಂತಾದುವು ನಿಷಿದ್ಧ. ಆದರೆ ನದಿಯ ಪಾತ್ರ, ಬತ್ತದ ಗದ್ದೆ, ಕುಡಿಯುವ ನೀರಿಗೂ ನೀರಾವರಿಗೂ ಕಟ್ಟಿದ ಕೆರೆ ಇವು ಆ ನಿಯಮಗಳ ವ್ಯಾಪ್ತಿಗೆ ಸೇರುವುದಿಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಕ್ಷಣೆಗೆ ಆದೇಶಿಸಿದ ಎರಡು ಲಕ್ಷಕ್ಕೆ ಮೀರಿದ ಜೌಗುಗಳಾದರೂ 2.25 ಹೆಕ್ಟೇರಿಗಿಂತ, ಎಂದರೆ ಸುಮಾರು 5 ಎಕರೆ 22 ಗುಂಟೆಗಿಂತ, ದೊಡ್ಡವು.

ಮಲೆನಾಡಿನ ಹಡ್ಲುಗಳಲ್ಲಿ ಎಷ್ಟೋ ಇದಕ್ಕಿಂತ ಚಿಕ್ಕವು. ಎಷ್ಟೋ ಗದ್ದೆಯೆಂದು ದಾಖಲಾದವು. ಆದುದರಿಂದ ಕಾಯಿದೆಯೇ ಬಂದು ಕಾಪಾಡುವುದೆಂದು ಕಾದು ಕುಳಿತರೆ ಚಿಕ್ಕ ಹಡ್ಲು ಉಳಿಯಲಾರದು. ಊರಿನ ಹಿರಿಯರೂ ಜಮೀನುದಾರರೂ ಮನಸ್ಸು ಮಾಡಬೇಕು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಗ್ರಾಮಪಂಚಾಯಿತಿಯಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಪ್ರತಿ ಹಡ್ಲಿನ ಎಲ್ಲೆ, ಜಾತಿ, ದರ್ಜೆ, ಷರಾಗಳನ್ನು ಬರೆಯಿಸಬಹುದು. ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗದ ಬಿ ಖರಾಬನ್ನು ಯಾರೊಬ್ಬರೂ ಸ್ವಂತಕ್ಕೆ ಒತ್ತುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ದರ್ಜೆ ತಿಳಿದ ಮೇಲೆ ಮಾಡತಕ್ಕದ್ದು

ಎ, ಬಿ ದರ್ಜೆಯ ಹಡ್ಲಿನಲ್ಲಿ ಏನನ್ನೂ ಮಾಡದಿರುವುದೇ ದೊಡ್ಡ ಕೆಲಸ. ಅದರ ಸುತ್ತಲಿನ ಮರಗಳನ್ನು ಉಳಿಸಿ, ಗೊಬ್ಬರ ಔಷಧಿಗಳು ಕೊಚ್ಚಿಬರದಂತೆ ಅಂಚಿನಲ್ಲಿ ಹುಲ್ಲಿನ ಪಟ್ಟಿಯನ್ನು ಬಿಡಬೇಕು. ನೀರಾವರಿಯ ಹೊಂಡ ಬೇಕಾದವರು ಒರತೆಯ ಕಣ್ಣಿನಲ್ಲಿಯೇ ತೋಡದೆ ಹಡ್ಲಿನಿಂದ ಹೊರಗೆ, ಕೆಳಗಡೆ ತೋಡುವುದು ಲೇಸು.

ಸಿ, ಡಿ ದರ್ಜೆಗಳಲ್ಲಿ ಖರ್ಚಿಗೆ ತಕ್ಕ ಫಲ ಹೆಚ್ಚು. ಬಸಿಗಾಲುವೆಯಲ್ಲಿ ಕಲ್ಲು, ಮಣ್ಣು, ಸೊಪ್ಪುಸದೆಗಳಿಂದ ತಗ್ಗಾದ ತಡೆಗಳನ್ನು ಸಾಲಾಗಿ ಹಾಕಬೇಕು. ಕೆಳಗಿನ ತಡೆಯ ತಲೆಯು ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರವನ್ನು ಇಟ್ಟರೆ ನೀರು ಹಿಂದಕ್ಕೆ ನಿಂತು ಪಕ್ಕದ ನೆಲಕ್ಕೆ ಹರಡುವುದು. ಒಂದೇ ಎತ್ತರದ ತಡೆಯನ್ನು ಕಟ್ಟಿದರೆ ಮಳೆಗಾಲದ ಸೆಳವಿಗೆ ಕೊಚ್ಚಿಹೋಗುವುದು. ಕೊರಕಲಿನ ತಲೆಗೆ ಕಲ್ಲುಹಾಸು ಹಾಕಿಸಬೇಕು. ಇ, ಎಫ್ ದರ್ಜೆಯ ಹಡ್ಲಿನಲ್ಲಿ ಒರತೆಯ ಭಾಗವನ್ನಾದರೂ ಬಿಟ್ಟುಕೊಡುವುದು ಉಚಿತ.

ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ದರ್ಜೆಯು ಸ್ಥಿತಿಯನ್ನು ತಿಳಿಸುವುದೇ ಹೊರತು ಬೆಲೆಯನ್ನಲ್ಲ. ಇಡೀ ಕೇರಿಯ ಬಾವಿಗಳಿಗೆ ನೀರೂಡುವ ಹಡ್ಲು ಡಿ ದರ್ಜೆಯದಾಗಿದ್ದರೂ ಆ ಊರಿಗೆ ಅತ್ಯಮೂಲ್ಯವಾದುದೇ. ಕೆಳದರ್ಜೆಯೆಂಬುದು ಅದನ್ನು ಪೂರ್ತಿ ಕೆಡಿಸುವುದಕ್ಕೆ ಅಪ್ಪಣೆಯಲ್ಲ. ಬೇಗನೆ ಚಿಕಿತ್ಸೆ ಮಾಡಬೇಕೆಂಬುದಕ್ಕೆ ಸೂಚನೆ. ಅಲ್ಲದೆ ಒಬ್ಬನೇ ಕೊಟ್ಟ ಅಂಕವನ್ನು ನಂಬದೆ, ಮೇಲಿನ ತೋಟದವನೂ ಕೆಳಗಿನ ಗದ್ದೆಯವನೂ ಒಟ್ಟಿಗೆ ನಡೆದು ನೋಡಿ ಒಪ್ಪಿದ ಅಂಕವನ್ನೇ ಬರೆಯುವುದು ಉತ್ತಮ. ಬೇಸಗೆಯಲ್ಲಿ ನೀರಿಗಾಗಿ ಏಳುವ ಎಷ್ಟೋ ವ್ಯಾಜ್ಯಗಳು ಅಂಥ ಒಂದು ನಡಿಗೆಯಲ್ಲಿಯೇ ತೀರಬಹುದು.

ಪ್ರತಿ ಗ್ರಾಮದಲ್ಲಿಯೂ ಬರುವ ನವೆಂಬರ್ ತಿಂಗಳಲ್ಲಿ ಒಂದೊಂದು ಹಡ್ಲನ್ನಾದರೂ ಈ ಕ್ರಮದಿಂದ ಅಳೆದು, ಗೂಟ ಹೊಡೆಯಿಸಿ, ಪುಸ್ತಕದಲ್ಲಿ ಮೊದಲ ಪುಟವನ್ನು ಬರೆಯತಕ್ಕದ್ದು. ಏಪ್ರಿಲ್ ತಿಂಗಳಲ್ಲಿ ಎರಡನೆಯ ಪುಟ ತುಂಬಲಿ. ಮುಂದೆ ಬಸಿಗಾಲುವೆಯ ಪ್ರಶ್ನೆ ಬಂದಾಗ ಊರಿನವರು ಆ ಪುಟಗಳನ್ನು ನೋಡಿ ತೀರ್ಮಾನ ಮಾಡಬಹುದು.